ಯಾವ ನಿರ್ದೇಶಕರಿಗಾಗಿ ಕಾಯಬಹುದು? ದೀರ್ಘ ವಿರಾಮಗಳ ಒಂದು ಹೋಲಿಕೆ

ಮರೆಯಾದ ನಿರ್ದೇಶಕರ ಮಾತು ಬಂದಾಗಲೆಲ್ಲ ಅಭಿಮಾನಿಗಳು ಮೊದಲು ಎಣಿಸುವುದು ವರ್ಷಗಳನ್ನು. ಇವರು ಸಿನಿಮಾ ಮಾಡಿ ಹತ್ತು ವರ್ಷ ಆಯಿತು, ಅವರದು ಹನ್ನೆರಡಾಯಿತು ಅಂತ. ಆದರೆ ವರ್ಷದ ಲೆಕ್ಕದಿಂದ ಏನೂ ತಿಳಿಯುವುದಿಲ್ಲ. ಟೆರೆನ್ಸ್ ಮಲಿಕ್ 1978ರ 'ಡೇಸ್ ಆಫ್ ಹೆವನ್' ಆದ ಮೇಲೆ 20 ವರ್ಷ ಸುಮ್ಮನಿದ್ದು 'ದಿ ಥಿನ್ ರೆಡ್ ಲೈನ್' ತಂದರು. ಬರ್ಲಿನ್‌ನಲ್ಲಿ ಗೋಲ್ಡನ್ ಬೇರ್ ಬಂತು, ಆಸ್ಕರ್‌ಗೆ ಏಳು ನಾಮನಿರ್ದೇಶನಗಳಾದವು. ಹಂಗೆರಿಯ ಬೇಲಾ ಟಾರ್ 2011ರಲ್ಲಿ 'ದಿ ಟ್ಯೂರಿನ್ ಹಾರ್ಸ್' ಮುಗಿಸಿ ಇನ್ನು ಸಾಕು ಅಂದರು. ಆಮೇಲೆ ಕಥಾಚಿತ್ರದ ಕಡೆ ತಿರುಗಿಯೂ ನೋಡಲಿಲ್ಲ. ಮಲಿಕ್ ವಿಷಯದಲ್ಲಿ ಹತ್ತನೇ ವರ್ಷಕ್ಕೆ ಆಸೆ ಬಿಟ್ಟವರು ತಪ್ಪಿದರು, ಟಾರ್ ವಿಷಯದಲ್ಲಿ ಆಸೆ ಇಟ್ಟುಕೊಂಡವರು ತಪ್ಪಿದರು.

ನೋಡಬೇಕಾದ್ದು ಸಿನಿಮಾ ಎಲ್ಲಿ ಸಿಕ್ಕಿಹಾಕಿಕೊಂಡಿದೆ ಅನ್ನುವುದನ್ನು. ಕಥೆಯಲ್ಲೋ, ದುಡ್ಡಿನಲ್ಲೋ, ಎಡಿಟಿಂಗ್ ಟೇಬಲ್ ಮೇಲೋ, ನಿರ್ದೇಶಕರ ಬೇರೆ ಕಸುಬಿನಲ್ಲೋ, ಅವರ ಸ್ವಂತ ನಿರ್ಧಾರದಲ್ಲೋ, ಇಲ್ಲಾ ಆರೋಗ್ಯದಲ್ಲೋ? ಜತೆಗೆ ಆ ಖಾಲಿ ವರ್ಷಗಳಲ್ಲಿ ಅವರು ದಿನನಿತ್ಯ ಏನು ಮಾಡುತ್ತಿದ್ದರು ಅನ್ನುವುದೂ ಮುಖ್ಯ. ಈ ಎರಡು ಗೊತ್ತಾದರೆ ಯಾರ ಮೇಲೆ ಎಷ್ಟು ಆಸೆ ಇಡಬಹುದು, ಬಂದರೆ ಯಾವ ಬಗೆಯ ಸಿನಿಮಾ ಬರುತ್ತದೆ ಅನ್ನುವುದು ಒಂದು ಮಟ್ಟಿಗೆ ಹೇಳಬಹುದು.

ಉಪೇಂದ್ರ ಮತ್ತು ರಕ್ಷಿತ್ ಶೆಟ್ಟಿ

ಕನ್ನಡದಲ್ಲಿ ಈ ಚರ್ಚೆ ಬಹುಪಾಲು ಈ ಇಬ್ಬರ ಸುತ್ತಲೇ ನಡೆಯುತ್ತದೆ. ಇಬ್ಬರೂ ನಟರಾಗಿ ತೆರೆಯ ಮೇಲೆ ಇದ್ದೇ ಇದ್ದಾರೆ, ಗೈರಾದದ್ದು ಕ್ಯಾಮೆರಾ ಹಿಂದೆ ಮಾತ್ರ. ಆದರೂ ಎರಡು ವಿರಾಮಗಳ ಜಾತಕವೇ ಬೇರೆ.

ಉಪೇಂದ್ರ ಅವರದ್ದು ಮರುಕಳಿಸುವ ವಿರಾಮ. 1999ರ 'ಉಪೇಂದ್ರ' ಆದ ಮೇಲೆ ನಿರ್ದೇಶಕರಾಗಿ ಬಂದದ್ದು 2010ರ 'ಸೂಪರ್'ಗೆ. ಅಲ್ಲಿಂದ 2015ರ 'ಉಪ್ಪಿ 2'. ಅಲ್ಲಿಂದ 2024ರ ಡಿಸೆಂಬರ್‌ನಲ್ಲಿ 'ಯುಐ'. ಅಂದರೆ 11, 5, 9 ವರ್ಷಗಳ ಅಂತರ. ನಡುವಿನ ಕಾಲವನ್ನು ತುಂಬಿದ್ದು ನಟನೆ, ಆಮೇಲೆ 2017ರಿಂದ ರಾಜಕೀಯ ಪಕ್ಷದ ಕೆಲಸ. ಮೂರು ಸಲ ಹೋಗಿ ಮೂರು ಸಲ ಬಂದವರ ಬಗ್ಗೆ 'ಬರ್ತಾರಾ?' ಅಂತ ಕೇಳುವುದರಲ್ಲಿ ಅರ್ಥವಿಲ್ಲ. ದುಡ್ಡು ಹಾಕುವವರು ಸಿಗುತ್ತಾರೆ, ಹೆಸರಿಗೆ ಓಪನಿಂಗ್ ಇದೆ, ತಡೆ ಇರುವುದು ಕ್ಯಾಲೆಂಡರ್‌ನದ್ದು ಮಾತ್ರ.

ತೊಡಕು ಬೇರೆ ಕಡೆ ಇದೆ. ಉಪೇಂದ್ರ ನಿರ್ದೇಶಕರಾಗಿ ವಾಪಸ್ ಬರಲಿ ಅನ್ನುವವರಲ್ಲಿ ಎರಡು ಗುಂಪುಗಳಿವೆ, ಒಬ್ಬರ ಆಸೆ ಇನ್ನೊಬ್ಬರದ್ದಲ್ಲ. ಒಂದು ಗುಂಪಿಗೆ ಬೇಕಾದದ್ದು 'ಶ್!' (1993) ಮತ್ತು 'ಓಂ' (1995) ಮಾಡಿದ ಉಪೇಂದ್ರ. ಅಲ್ಲಿ ಹೀರೋ ಬೇರೆಯವರು: ಕುಮಾರ್ ಗೋವಿಂದ್, ಶಿವರಾಜ್‌ಕುಮಾರ್. ನಿರ್ದೇಶಕರು ತೆರೆಯ ಹಿಂದೆ ಕೂತು ಕಥೆಯ ಹಿಡಿತವನ್ನಷ್ಟೇ ನೋಡಿಕೊಂಡ ಸಿನಿಮಾಗಳವು. 'ಓಂ'ನಲ್ಲಿ ನಿಜವಾದ ಭೂಗತ ಲೋಕದವರಿಂದಲೇ ಕೆಲವು ಪಾತ್ರ ಮಾಡಿಸಿದ ಧೈರ್ಯವೂ ಆ ಕಾಲದ್ದು. ಇನ್ನೊಂದು ಗುಂಪಿಗೆ ಬೇಕಾದದ್ದು 'ಎ' (1998)ದಿಂದ ಶುರುವಾದ, ತಾವೇ ಹೀರೋ ಆಗಿ ಪ್ರೇಕ್ಷಕರನ್ನು ಕೆಣಕುವ ಉಪೇಂದ್ರ. ಆಮೇಲೆ ಅವರೇ ಬರೆದು ನಿರ್ದೇಶಿಸಿ ಬಂದವು, ರಾಘವೇಂದ್ರ ರಾಜ್‌ಕುಮಾರ್ ಹೀರೋ ಆದ 'ಸ್ವಸ್ತಿಕ್' (1999) ಬಿಟ್ಟರೆ, ಈ ಎರಡನೇ ಸಾಲಿಗೆ ಸೇರಿದವು. ಮೊದಲ ಗುಂಪಿನವರು ಗಮನಿಸಬೇಕಾದ ಸುದ್ದಿ ಒಂದೇ: ಉಪೇಂದ್ರ ಬೇರೆ ನಟರನ್ನು ಹಾಕಿಕೊಂಡು ನಿರ್ದೇಶಿಸುತ್ತಾರೆ ಅನ್ನುವುದು. ಅದು ಬರುವ ತನಕ 'ಓಂ' ತರಹದ ಇನ್ನೊಂದು ಸಿನಿಮಾ ನಿರೀಕ್ಷಿಸುವುದು ವ್ಯರ್ಥ.

ರಕ್ಷಿತ್ ಶೆಟ್ಟಿ ಅವರದ್ದು ಮೊದಲನೇ ವಿರಾಮ, ಹಾಗಾಗಿ ಅಂದಾಜು ಮಾಡಲು ಹಿಂದಿನ ದಾಖಲೆಯೇ ಇಲ್ಲ. 2014ರ ಮಾರ್ಚ್‌ನಲ್ಲಿ ಬಂದ 'ಉಳಿದವರು ಕಂಡಂತೆ' ಅವರು ನಿರ್ದೇಶಿಸಿದ ಮೊದಲ ಚಿತ್ರ. 2021ರಲ್ಲಿ ಹೊಂಬಾಳೆ ಫಿಲ್ಮ್ಸ್ ಮೂಲಕ 'ರಿಚರ್ಡ್ ಆಂಟನಿ' ಘೋಷಣೆಯಾಯಿತು. ಅದೇ ರಿಚ್ಚಿಯ ಪಾತ್ರ, ಅದೇ ಕರಾವಳಿ. ಆ ಮೇಲೆ ಅವರು ನಟರಾಗಿ '777 ಚಾರ್ಲಿ' (2022), 'ಸಪ್ತ ಸಾಗರದಾಚೆ ಎಲ್ಲೋ'ದ ಎರಡು ಭಾಗಗಳಲ್ಲಿ (2023) ಕಾಣಿಸಿಕೊಂಡರು.

ಇಲ್ಲಿ ಸಿನಿಮಾ ನಿಂತದ್ದು ಬರವಣಿಗೆ ಮತ್ತು ಕಾಲ್‌ಶೀಟಿನ ನಡುವೆ. ಅವರ ಬರವಣಿಗೆ ನಿಂತಿರಲಿಲ್ಲ ಅನ್ನುವುದು ಒಳ್ಳೆಯ ಲಕ್ಷಣ: 'ಕಿರಿಕ್ ಪಾರ್ಟಿ' (2016), 'ಅವನೇ ಶ್ರೀಮನ್ನಾರಾಯಣ' (2019) ಎರಡರ ಬರವಣಿಗೆಯಲ್ಲೂ ಅವರ ಕೈ ಇದೆ. ಆದರೆ ಆ ಸಾಲನ್ನು ಗಮನವಿಟ್ಟು ನೋಡಿದರೆ ಇನ್ನೊಂದು ಸಂಗತಿಯೂ ಕಾಣುತ್ತದೆ. ಮಲ್ಪೆಯ ದಂಡೆ, ಹುಲಿವೇಷ, ಒಂದೇ ಘಟನೆಯನ್ನು ಬೇರೆ ಬೇರೆ ಕಣ್ಣುಗಳಿಂದ ಕಾಣುವ ಅಧ್ಯಾಯಗಳು, ಸ್ಥಳದಲ್ಲೇ ಹಿಡಿದ ಸಿಂಕ್ ಸೌಂಡ್: 'ಉಳಿದವರು ಕಂಡಂತೆ' ಸಣ್ಣ ಜಾಗದ ಸಿನಿಮಾ. 'ಶ್ರೀಮನ್ನಾರಾಯಣ'ದ ಹೊತ್ತಿಗೆ ಅವರು ಕಲ್ಪಿತ ಊರು, ದೊಡ್ಡ ಸೆಟ್, ಹಲವು ಭಾಷೆಗಳ ಬಿಡುಗಡೆಗೆ ಬಂದಿದ್ದರು. 'ರಿಚರ್ಡ್ ಆಂಟನಿ' ಘೋಷಣೆಯೂ ಆ ದೊಡ್ಡ ಅಳತೆಯಲ್ಲೇ ಆದದ್ದು. 2014ರ ಆ ಉಪ್ಪುಗಾಳಿಯ ಸಿನಿಮಾವೇ ಮತ್ತೆ ಬರುತ್ತದೆ ಎಂದುಕೊಂಡವರು ಅಳತೆ ಬದಲಾದದ್ದನ್ನೂ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಇಬ್ಬರಲ್ಲಿ ಒಬ್ಬರನ್ನು ಆರಿಸಿ ಅಂದರೆ, ಬರುವುದು ಖಚಿತ ಅನ್ನುವುದಕ್ಕೆ ಉಪೇಂದ್ರ, ಬಂದರೆ ಹೊಸದೇನಾದರೂ ಸಿಗಬಹುದು ಅನ್ನುವುದಕ್ಕೆ ರಕ್ಷಿತ್. ಎರಡನೆಯದಕ್ಕೆ ಕಾಯುವ ಸಹನೆ ಜಾಸ್ತಿ ಬೇಕು.

ಕನ್ನಡಕ್ಕೆ ಮಾತ್ರ ಗೈರಾದವರು

ಪವನ್ ಕುಮಾರ್ ಎಲ್ಲಿ ಹೋದರು ಅಂತ ಕೇಳುವವರಿದ್ದಾರೆ. ಎಲ್ಲೂ ಹೋಗಿಲ್ಲ. ಪ್ರೇಕ್ಷಕರಿಂದಲೇ ದುಡ್ಡು ಕೂಡಿಸಿ ಮಾಡಿದ 'ಲೂಸಿಯಾ' (2013), ಬೆಂಗಳೂರಿನ ಫ್ಲೈಓವರ್ ಮೇಲಿನ ಕಲ್ಲುಗಳಿಂದ ಹುಟ್ಟಿದ 'ಯು ಟರ್ನ್' (2016) ಆದ ಮೇಲೆ ಅದೇ 'ಯು ಟರ್ನ್' ಅನ್ನು 2018ರಲ್ಲಿ ತೆಲುಗು-ತಮಿಳಿನಲ್ಲಿ ಮಾಡಿದರು. 2021ರಲ್ಲಿ ತೆಲುಗು ವೆಬ್ ಸರಣಿ 'ಕುಡಿ ಎಡಮೈತೆ', 2023ರಲ್ಲಿ ಫಹಾದ್ ಫಾಸಿಲ್ ಅಭಿನಯದ ಮಲಯಾಳಂ ಚಿತ್ರ 'ಧೂಮಂ'. ನಿರ್ದೇಶಕರ ಕೈ ಸತತ ಕೆಲಸದಲ್ಲಿದೆ, ತಪ್ಪಿದ್ದು ಕನ್ನಡದ ನಂಟು. ಇಂಥವರು ವಾಪಸಾಗುವುದು ಕನ್ನಡದಲ್ಲಿ ಆ ಅಳತೆಯ ಬಜೆಟ್ ಹೊಂದುತ್ತದೆಯೇ ಅನ್ನುವುದರ ಮೇಲೆ. ಪ್ರೇಕ್ಷಕರೇ ನಿರ್ಮಾಪಕರಾಗುವ ಉಪಾಯ ಒಂದು ಸಿನಿಮಾಕ್ಕೆ ಕೈಹಿಡಿಯಿತು, ಅದೇ ಹಾದಿಯಲ್ಲಿ ಕನ್ನಡದಲ್ಲಿ ಸಾಲುಸಾಲು ಸಿನಿಮಾ ಹುಟ್ಟಲಿಲ್ಲ.

ರಾಮ್ ರೆಡ್ಡಿ ಅವರದ್ದು ಇನ್ನೂ ವಿಚಿತ್ರ. 'ತಿಥಿ' 2015ರಲ್ಲಿ ಲೊಕಾರ್ನೊ ಉತ್ಸವದಲ್ಲಿ ಎರಡು ಪ್ರಶಸ್ತಿ ಗೆದ್ದು 2016ರಲ್ಲಿ ಇಲ್ಲಿ ತೆರೆಕಂಡಿತು. ಮಂಡ್ಯದ ಕಡೆಯ ಹಳ್ಳಿ, ಎಂದೂ ಕ್ಯಾಮೆರಾ ಕಾಣದ ಊರವರು, ಗಡ್ಡಪ್ಪನ ಹೆಸರು ಮನೆಮಾತು. ಮುಂದಿನ ಚಿತ್ರ ಬಂದದ್ದು 2024ರ ಫೆಬ್ರುವರಿಯಲ್ಲಿ, ಬರ್ಲಿನ್‌ನಲ್ಲಿ. ಮನೋಜ್ ಬಾಜಪೇಯಿ ಅಭಿನಯದ 'ಜುಗ್ನುಮಾ' ಹಿಮಾಲಯದ ತೋಟದ ಮೇಲಿನ ಕಥೆ, 16 ಎಂಎಂ ಫಿಲ್ಮಿನಲ್ಲಿ ಚಿತ್ರೀಕರಿಸಿದ್ದು. ಭಾರತದ ಚಿತ್ರಮಂದಿರಗಳಿಗೆ 2025ರ ಸೆಪ್ಟೆಂಬರ್‌ನಲ್ಲಿ ಬಂತು. ನಿರ್ದೇಶಕರು ಬಂದರು, ಆದರೆ ಮಂಡ್ಯದ ಮಾತು ಬರಲಿಲ್ಲ. 'ತಿಥಿ'ಯ ಆ ಮಾತಿನ ಲಯ ಹುಡುಕುವವರಿಗೆ ಹೆಚ್ಚು ಉಪಯೋಗಕ್ಕೆ ಬರುವ ಹೆಸರು ಈರೇಗೌಡರದ್ದು. 'ತಿಥಿ'ಯ ಸಹಬರಹಗಾರರು, 2018ರಲ್ಲಿ 'ಬಳೆಕೆಂಪ' ನಿರ್ದೇಶಿಸಿದವರು. ಮೆಚ್ಚಿದ್ದು ನಿರ್ದೇಶಕರ ಕಣ್ಣೋ, ಬರಹಗಾರರ ಕಿವಿಯೋ ಅಂತ ಮೊದಲು ತೀರ್ಮಾನಿಸಿಕೊಂಡರೆ ಕಾಯುವ ಆಸಾಮಿಯೇ ಬದಲಾಗಬಹುದು.

ಹಿರಿಯರು

ಗಿರೀಶ ಕಾಸರವಳ್ಳಿ 2011ರ 'ಕೂರ್ಮಾವತಾರ'ದ ನಂತರ 2020ರ 'ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ' ತನಕ ಕಥಾಚಿತ್ರ ಮಾಡಲಿಲ್ಲ. ನಡುವೆ ಅನಂತಮೂರ್ತಿ, ಅಡೂರ್ ಗೋಪಾಲಕೃಷ್ಣನ್ ಕುರಿತ ಸಾಕ್ಷ್ಯಚಿತ್ರಗಳು ಬಂದವು. ಈ ಬಗೆಯ ವಿರಾಮದ ಕಾರಣ ಬಹುತೇಕ ದುಡ್ಡೇ, ಅದರಲ್ಲೂ ದುಡ್ಡು ಬರುವ ಸರದಿ. ಸರ್ಕಾರದ ಸಬ್ಸಿಡಿ ಇದೆಯಲ್ಲ ಅನ್ನುತ್ತಾರೆ. ಅದು ಸಿಗುವುದು ಸಿನಿಮಾ ಮುಗಿದು, ಸೆನ್ಸಾರ್ ಆಗಿ, ಆಯ್ಕೆ ಸಮಿತಿ ನೋಡಿದ ಮೇಲೆ. ಮೊದಲ ದಿನದ ಶೂಟಿಂಗಿಗೆ ಬೇಕಾದ ಹಣವನ್ನು ಯಾರಾದರೂ ವಾಪಸ್ ಬರುವ ಖಾತ್ರಿ ಇಲ್ಲದೆ ಹಾಕಲೇಬೇಕು. ಅಂಥ ಒಬ್ಬ ನಿರ್ಮಾಪಕ ಸಿಕ್ಕರೆ ಈ ಸಾಲಿನ ನಿರ್ದೇಶಕರು ಬೇಗ ಮುಗಿಸುತ್ತಾರೆ, ಯಾಕೆಂದರೆ ಕಥೆ ಸಾಹಿತ್ಯದಿಂದ ಸಿದ್ಧವಾಗಿಯೇ ಬಂದಿರುತ್ತದೆ: 'ಕೂರ್ಮಾವತಾರ'ಕ್ಕೆ ಕುಂ. ವೀರಭದ್ರಪ್ಪ, 2020ರ ಚಿತ್ರಕ್ಕೆ ಜಯಂತ ಕಾಯ್ಕಿಣಿ.

ಸುನೀಲ್ ಕುಮಾರ್ ದೇಸಾಯಿ ಅವರ ಕಥೆ ಇದಕ್ಕೆ ತದ್ವಿರುದ್ಧ. ಹಾಡೇ ಇಲ್ಲದ 'ತರ್ಕ' (1989), ಒಂದೇ ಕಟ್ಟಡದೊಳಗೆ ಬ್ಯಾಂಕ್ ದರೋಡೆ ನಡೆಸಿದ 'ನಿಷ್ಕರ್ಷ', ನಾಯಕಿಯ ಮುಖವನ್ನೇ ತೋರಿಸದೆ ಫೋನಿನ ದನಿಯಲ್ಲಿ ಸಿನಿಮಾ ನಿಲ್ಲಿಸಿದ 'ಬೆಳದಿಂಗಳ ಬಾಲೆ' (1995). 2007ರ 'ಕ್ಷಣ ಕ್ಷಣ'ದ ನಂತರ ಅವರು 2016ರಲ್ಲಿ '...ರೆ', 2019ರಲ್ಲಿ 'ಉದ್ಘರ್ಷ' ಮಾಡಿದರು. ಬಂದರೂ ಹಳೆಯ ಹೆಸರಿನಷ್ಟು ಸದ್ದಾಗಲಿಲ್ಲ. ಥ್ರಿಲ್ಲರ್‌ನಲ್ಲಿ ಇದು ಸಹಜ. ಆ ಪ್ರಕಾರ ನಿಂತಿರುವುದೇ ಪ್ರೇಕ್ಷಕರಿಗಿಂತ ಒಂದು ಹೆಜ್ಜೆ ಮುಂದಿರುವುದರ ಮೇಲೆ, ಒಂಬತ್ತು ವರ್ಷದಲ್ಲಿ ಪ್ರೇಕ್ಷಕರು ಕೊರಿಯಾದಿಂದ ಹಿಡಿದು ಕೇರಳದ ತನಕ ಎಲ್ಲ ತಿರುವುಗಳನ್ನೂ ನೋಡಿ ಕೂತಿರುತ್ತಾರೆ. ವಿರಾಮ ಕಲಾತ್ಮಕ ಚಿತ್ರದವರಿಗಿಂತ ಥ್ರಿಲ್ಲರ್‌ನವರಿಗೆ ದುಬಾರಿ.

ಹೊರಗಿನವರಲ್ಲಿ ಕಲಿಯಬೇಕಾದ್ದು

ಜೊನಾಥನ್ ಗ್ಲೇಜರ್ 'ಬರ್ತ್' (2004), 'ಅಂಡರ್ ದಿ ಸ್ಕಿನ್' (2013), 'ದಿ ಝೋನ್ ಆಫ್ ಇಂಟರೆಸ್ಟ್' (2023) ಅಂತ ಒಂಬತ್ತು-ಹತ್ತು ವರ್ಷಕ್ಕೊಂದು ಸಿನಿಮಾ ಮಾಡಿದವರು. ಟಾಡ್ ಫೀಲ್ಡ್ 'ಲಿಟಲ್ ಚಿಲ್ಡ್ರನ್' (2006) ಆದ ಮೇಲೆ 16 ವರ್ಷ ಬಿಟ್ಟು 'ಟಾರ್' (2022) ತಂದರು. ಇಬ್ಬರೂ ನಡುವೆ ಜಾಹೀರಾತು ಚಿತ್ರಗಳನ್ನು ಮಾಡುತ್ತಿದ್ದರು. ಹೊರಗಿನಿಂದ ಒಂದೇ ಥರ ಕಾಣುವ ಈ ಎರಡರ ಒಳಗು ಬೇರೆ. ಫೀಲ್ಡ್ ಅವರ ಕೈಯಲ್ಲಿ ಹಲವು ಚಿತ್ರಕಥೆಗಳು ಸಿದ್ಧವಾದವು, ಒಂದೊಂದಾಗಿ ಬಿದ್ದುಹೋದವು. ಗ್ಲೇಜರ್ ಒಂದೇ ಸಿನಿಮಾವನ್ನು ಹಿಡಿದು ಅದರ ತಂತ್ರವನ್ನೇ ಹುಟ್ಟುಹಾಕುತ್ತ ಕೂತವರು. 'ಝೋನ್'ಗೆ ನಾತ್ಸಿಗಳ ಆಶ್ವಿಟ್ಜ್ ಶಿಬಿರದ ಗೋಡೆಯ ಹತ್ತಿರವೇ ಮನೆಯನ್ನು ಸಜ್ಜುಗೊಳಿಸಿ, ಒಳಗೆ ಅಲ್ಲಲ್ಲಿ ಕ್ಯಾಮೆರಾಗಳನ್ನು ಅಡಗಿಸಿಟ್ಟು, ಗರಿಷ್ಠ ಹತ್ತು ಕ್ಯಾಮೆರಾಗಳು ಒಟ್ಟಿಗೆ ಓಡುವಾಗ ತಂತ್ರಜ್ಞರನ್ನೆಲ್ಲ ಹೊರಗೆ ಕಳಿಸಿದರು. ನಟರಿಗೆ ಎದುರಿಗೆ ಯಾರೂ ಇಲ್ಲ. ಗೋಡೆಯಾಚೆಯ ಭೀಕರತೆಯನ್ನು ಒಂದು ದೃಶ್ಯದಲ್ಲೂ ತೋರಿಸದೆ ಬರೀ ಶಬ್ದದಲ್ಲಿ ಕಟ್ಟಬೇಕಿತ್ತು, ಅದಕ್ಕೆ ಶಬ್ದಗಳ ಭಂಡಾರವನ್ನೇ ಪ್ರತ್ಯೇಕವಾಗಿ ಸಿದ್ಧಪಡಿಸಿದರು. ಶಬ್ದಕ್ಕೆ ಆಸ್ಕರ್ ಬಂದದ್ದು ಸುಮ್ಮನೆ ಅಲ್ಲ. ಇಂಥ ನಿರ್ದೇಶಕರ ವಿರಾಮದಲ್ಲಿ ಸುದ್ದಿ ಇಲ್ಲದಿರುವುದೇ ಸಾಮಾನ್ಯ, ಅದನ್ನು ಕೆಟ್ಟ ಲಕ್ಷಣ ಅಂದುಕೊಳ್ಳಬಾರದು.

ಕೊರಿಯಾದ ಲೀ ಚಾಂಗ್-ಡಾಂಗ್ 2003-04ರಲ್ಲಿ ದೇಶದ ಸಂಸ್ಕೃತಿ ಮಂತ್ರಿಯಾಗಿದ್ದವರು. 'ಪೊಯೆಟ್ರಿ' (2010) ಮತ್ತು 'ಬರ್ನಿಂಗ್' (2018) ನಡುವೆ ಎಂಟು ವರ್ಷ. ಮುಂದಿನ ಚಿತ್ರ 'ಪಾಸಿಬಲ್ ಲವ್' ನೆಟ್‌ಫ್ಲಿಕ್ಸ್‌ಗೆ ಅಂತ ಘೋಷಣೆಯಾಯಿತು. ಕಾದು ಕೂತ ಅಭಿಮಾನಿಗಳಲ್ಲಿ ದೊಡ್ಡ ತೆರೆಯ ಆಸೆಯಿದ್ದವರು ಇಲ್ಲಿ ಒಂದು ರಾಜಿ ಮಾಡಿಕೊಳ್ಳಬೇಕಾಗುತ್ತದೆ. ದೀರ್ಘ ವಿರಾಮದ ನಿರ್ದೇಶಕರಿಗೆ ಈಗ ಹಣ ಕೊಡಲು ಮುಂದೆ ಬರುವವರಲ್ಲಿ ಇಂಥ ವೇದಿಕೆಗಳೂ ಮುಂದಿವೆ.

ತಮಿಳಿನ ತ್ಯಾಗರಾಜನ್ ಕುಮಾರರಾಜ ಅವರದ್ದೂ ಎಂಟು ವರ್ಷ: 'ಆರಣ್ಯ ಕಾಂಡಂ' 2011, 'ಸೂಪರ್ ಡೀಲಕ್ಸ್' 2019. ಮೊದಲನೆಯದಕ್ಕೆ ಸೆನ್ಸಾರ್ ಮಂಡಳಿ 52 ಕಡೆ ಕತ್ತರಿ ಕೇಳಿ, ಪ್ರಕರಣ ಮೇಲ್ಮನವಿ ಮಂಡಳಿಗೆ ಹೋಗಬೇಕಾಯಿತು. ಚಿತ್ರಮಂದಿರದಲ್ಲಿ ಸೋತು ಆಮೇಲೆ ಆರಾಧನೆಗೆ ಪಾತ್ರವಾದ ಮೊದಲ ಸಿನಿಮಾ ಅನ್ನುವುದರಲ್ಲಿ ಇದಕ್ಕೂ 'ಉಳಿದವರು ಕಂಡಂತೆ'ಗೂ ಹೋಲಿಕೆ ಇದೆ. ಕುಮಾರರಾಜ ಎರಡನೇ ಸಿನಿಮಾವನ್ನು ಮೊದಲನೆಯದರ ಮುಂದುವರಿಕೆಯಾಗಿ ಮಾಡಲಿಲ್ಲ ಅನ್ನುವುದು ಗಮನಿಸತಕ್ಕದ್ದು.

ಈಗ ಎಡಿಟಿಂಗ್ ಟೇಬಲ್ ಮೇಲೆ ಕಾಲ ಕಳೆಯುವವರು. ಮಲಿಕ್ 2019ರಲ್ಲಿ ಚಿತ್ರೀಕರಿಸಿದ ಕ್ರಿಸ್ತನ ಕುರಿತ 'ದಿ ವೇ ಆಫ್ ದಿ ವಿಂಡ್' ವರ್ಷಗಟ್ಟಲೆ ಎಡಿಟಿಂಗ್‌ನಲ್ಲೇ ಉಳಿಯಿತು. ಇವರ ವಿಷಯದಲ್ಲಿ ಕುಂಬಳಕಾಯಿ ಒಡೆದ ಸುದ್ದಿಗೂ ಬೆಲೆ ಇಲ್ಲ, ಪಾತ್ರವರ್ಗದ ಪಟ್ಟಿಗೂ ಇಲ್ಲ. 'ದಿ ಥಿನ್ ರೆಡ್ ಲೈನ್'ನಲ್ಲಿ ತಾನೇ ಮುಖ್ಯ ಪಾತ್ರ ಅಂದುಕೊಂಡಿದ್ದ ಏಡ್ರಿಯನ್ ಬ್ರೋಡಿಗೆ ಮುಗಿದ ಚಿತ್ರದಲ್ಲಿ ಉಳಿದದ್ದು ಬೆರಳೆಣಿಕೆಯ ಮಾತುಗಳು. ಇಂಥವರಿಗೆ ಕಾಯುವುದಾದರೆ ಯಾರ ಹೆಸರನ್ನೂ ನಂಬದೆ ನಿರ್ದೇಶಕರನ್ನೊಬ್ಬರನ್ನೇ ನಂಬಿ ಕಾಯಬೇಕು.

ಸ್ಪೇನಿನ ವಿಕ್ಟರ್ ಎರಿಸೆ ಅವರಷ್ಟು ಕಾಯಿಸಿದವರು ಕಡಿಮೆ. 1973, 1983, 1992ರಲ್ಲಿ ಒಂದೊಂದು, ಆಮೇಲೆ 31 ವರ್ಷ ಬಿಟ್ಟು 2023ರಲ್ಲಿ 'ಕ್ಲೋಸ್ ಯುವರ್ ಐಸ್'. 1983ರ 'ಎಲ್ ಸೂರ್'ಗೆ ಎರಡು ಭಾಗ ಇರಬೇಕಿತ್ತು. ಉತ್ತರದ ಭಾಗ ಮುಗಿದೊಡನೆ ನಿರ್ಮಾಪಕರು ಚಿತ್ರೀಕರಣ ನಿಲ್ಲಿಸಿದರು, ದಕ್ಷಿಣದ ಭಾಗ ಶೂಟ್ ಆಗಲೇ ಇಲ್ಲ. ನಲವತ್ತು ವರ್ಷದ ಮೇಲೆ ಬಂದ ಹೊಸ ಚಿತ್ರದ ಕಥೆಯೇ ಅರ್ಧಕ್ಕೆ ನಿಂತ ಸಿನಿಮಾ, ಶೂಟಿಂಗ್ ನಡುವೆ ಕಾಣೆಯಾದ ನಟ. 1973ರ 'ದಿ ಸ್ಪಿರಿಟ್ ಆಫ್ ದಿ ಬೀಹೈವ್'ನಲ್ಲಿ ಪುಟ್ಟ ಹುಡುಗಿಯಾಗಿ ನಟಿಸಿದ್ದ ಆನಾ ಟೊರೆಂಟ್ ಇದರಲ್ಲಿ ಮಗಳಾಗಿ ಬಂದು ಅದೇ 'ನಾನು ಆನಾ' ಅನ್ನುತ್ತಾರೆ. ಅದಕ್ಕೇ ಇದನ್ನು ಮೊದಲು ನೋಡಬಾರದು. 'ದಿ ಸ್ಪಿರಿಟ್ ಆಫ್ ದಿ ಬೀಹೈವ್' ಆದ ಮೇಲೆ, ನಡುವೆ 'ಎಲ್ ಸೂರ್' ನೋಡಿ, ಆಮೇಲೆ ಇದಕ್ಕೆ ಬಂದರೆ 169 ನಿಮಿಷವೂ ಭಾರ ಅನಿಸುವುದಿಲ್ಲ.

'ನಿವೃತ್ತಿ' ಅಂದವರು

ಜಪಾನಿನ ಅನಿಮೇಷನ್ ನಿರ್ದೇಶಕ ಹಯಾವೊ ಮಿಯಾಝಾಕಿ 2013ರಲ್ಲಿ ನಿವೃತ್ತಿ ಅಂದರು, ಅದೂ ಮೊದಲ ಸಲವೇನಲ್ಲ; 2023ರಲ್ಲಿ 'ದಿ ಬಾಯ್ ಅಂಡ್ ದಿ ಹೆರಾನ್' ಬಂತು. ಸ್ಟೀವನ್ ಸೋಡರ್‌ಬರ್ಗ್ 2013ರಲ್ಲಿ ಸಿನಿಮಾ ಬಿಟ್ಟೆ ಅಂದು 2017ರಲ್ಲಿ ವಾಪಸಾದರು. ಫಿನ್ಲೆಂಡಿನ ಅಕಿ ಕೌರಿಸ್ಮಾಕಿ 2017ರಲ್ಲಿ ಮುಗಿಯಿತು ಅಂದು 2023ರಲ್ಲಿ 'ಫಾಲನ್ ಲೀವ್ಸ್' ತಂದರು. ಬೇಲಾ ಟಾರ್ ಒಬ್ಬರೇ ಮಾತಿಗೆ ನಿಂತರು.

ವ್ಯತ್ಯಾಸ ಅವರ ಕೈ ಏನು ಮಾಡುತ್ತಿತ್ತು ಅನ್ನುವುದರಲ್ಲಿದೆ. ಮಿಯಾಝಾಕಿ 'ನಿವೃತ್ತಿ'ಯಲ್ಲಿ ತಮ್ಮ ಸ್ಟುಡಿಯೊದ ಜಿಬ್ಲಿ ಮ್ಯೂಸಿಯಂಗಾಗಿ ಕಂಬಳಿಹುಳದ ಮೇಲೆ ಕಿರುಚಿತ್ರ ಮಾಡುತ್ತಿದ್ದರು. ಸೋಡರ್‌ಬರ್ಗ್ ಟಿವಿಗೆ 'ದಿ ನಿಕ್' ಸರಣಿಯ 20 ಕಂತುಗಳನ್ನೂ ತಾವೇ ನಿರ್ದೇಶಿಸಿದರು. ಅದನ್ನು ನಿವೃತ್ತಿ ಅಂತ ಕರೆಯಲು ಭಾರೀ ಧೈರ್ಯ ಬೇಕು. ಟಾರ್ ಸರಯೇವೊಗೆ ಹೋಗಿ ಸಿನಿಮಾ ಶಾಲೆ ಶುರುಮಾಡಿ ಪಾಠ ಹೇಳಿದರು. ಕೈ ಇನ್ನೂ ಅದೇ ಕಸುಬಿನಲ್ಲಿದ್ದರೆ ಬರುವ ಸಾಧ್ಯತೆ ಹೆಚ್ಚು, ಬೇರೆಯವರ ಕೈ ತಿದ್ದುವುದಕ್ಕೆ ಹೊರಟರೆ ಕಡಿಮೆ. ಕೌರಿಸ್ಮಾಕಿ ಮಾತ್ರ ಈ ನಿಯಮಕ್ಕೆ ಒಗ್ಗುವುದಿಲ್ಲ, ಅವರು ಆ ಹೊತ್ತಿನಲ್ಲಿ ಒಂದು ಸಣ್ಣ ಪಟ್ಟಣದಲ್ಲಿ ಚಿತ್ರಮಂದಿರ ತೆರೆಯುತ್ತಿದ್ದರು.

ಎರಡು ಹೆಸರುಗಳನ್ನು ಬೇರೆಯಾಗಿಯೇ ಇಡಬೇಕು. ತೈವಾನಿನ ಹೌ ಷಿಯಾವೊ-ಷಿಯೆನ್ ಅವರ ಕುಟುಂಬ 2023ರಲ್ಲಿ, ಅನಾರೋಗ್ಯದಿಂದ ಅವರು ಇನ್ನು ಸಿನಿಮಾ ಮಾಡುವುದಿಲ್ಲ ಎಂದು ತಿಳಿಸಿತು. 'ದಿ ಅಸಾಸಿನ್' (2015) ಅವರ ಕೊನೆಯ ಚಿತ್ರ ಅಂತ ಒಪ್ಪಿಕೊಂಡು 'ಬರಬಹುದು' ಪಟ್ಟಿಯಿಂದ ಹೆಸರು ತೆಗೆಯುವುದೇ ಸರಿ. ಇನ್ನೊಬ್ಬರು ಅಮೆರಿಕದ ಎಲೇನ್ ಮೇ. 1987ರ 'ಇಷ್ತಾರ್' ಸೋತ ಮೇಲೆ ಅವರಿಗೆ ಕಥಾಚಿತ್ರ ನಿರ್ದೇಶಿಸುವ ಅವಕಾಶವೇ ಮತ್ತೆ ಕೂಡಿಬರಲಿಲ್ಲ. ಒಂದು ಸೋಲಿನ ಮೇಲೆ ಗಂಡಸರಿಗೆ ಎರಡು ಮೂರು ಸಿನಿಮಾ ಸಿಕ್ಕ ಕಾಲ ಅದು. ವಿರಾಮ ಅನ್ನುವ ಹೆಸರಿನಲ್ಲಿ ಬಾಗಿಲು ಹಾಕಿದ್ದನ್ನು ಅಭಿಮಾನಿಗಳು ನಿರ್ದೇಶಕರ ಸೋಮಾರಿತನ ಅಂದುಕೊಳ್ಳುವುದುಂಟು.

ಯಾವ ಸುದ್ದಿಯನ್ನು ಎಷ್ಟು ನಂಬಬೇಕು

ಗಾಂಧಿನಗರದ ಲೆಕ್ಕದಲ್ಲಿ ಹೇಳುವುದಾದರೆ, ಮೋಷನ್ ಪೋಸ್ಟರ್‌ಗೆ ಹೆಚ್ಚು ಬೆಲೆ ಕೊಡಬೇಡಿ. ವಾಣಿಜ್ಯ ಮಂಡಳಿಯಲ್ಲಿ ಟೈಟಲ್ ನೋಂದಣಿಗೂ ಅಷ್ಟೇ; ಮುಂದೆ ಬೇಕಾದೀತು ಅಂತ ಹೆಸರುಗಳನ್ನು ಹಿಡಿದಿಡುವುದು ಹಳೆಯ ರೂಢಿ. ಮುಹೂರ್ತ ಒಳ್ಳೆಯದೇ, ಆದರೆ ಸೆಟ್ಟೇರಿ ಡಬ್ಬ ಸೇರಿದ ಸಿನಿಮಾಗಳಿಗೆ ಕನ್ನಡದಲ್ಲೇನು ಬರವಿಲ್ಲ. ಛಾಯಾಗ್ರಾಹಕರ ಹೆಸರು ಹೊರಬಂದು ಮೊದಲ ಶೆಡ್ಯೂಲ್ ಮುಗಿದ ಮೇಲೆ ಸ್ವಲ್ಪ ನಂಬಬಹುದು. ಎರಡನೇ ಶೆಡ್ಯೂಲ್ ಶುರುವಾದರೆ ಇನ್ನೂ ಹೆಚ್ಚು, ಏಕೆಂದರೆ ದುಡ್ಡು ಮುಗಿದು ನಿಲ್ಲುವುದು ಹೆಚ್ಚಾಗಿ ಈ ಎರಡರ ನಡುವೆ. ಡಬ್ಬಿಂಗ್ ಮತ್ತು ರೀರೆಕಾರ್ಡಿಂಗ್ ಸುದ್ದಿ ಬಂದರೆ ಎಡಿಟಿಂಗ್ ಬಹುಪಾಲು ಒಂದು ಹಂತಕ್ಕೆ ನಿಂತಿದೆ ಅಂತ ಅರ್ಥ. ಸೆನ್ಸಾರ್ ಪ್ರಮಾಣಪತ್ರದಲ್ಲಿ ನಿಮಿಷಗಳ ಲೆಕ್ಕ ಬಂದ ದಿನ ಕಾಯುವುದು ಮುಗಿಯುತ್ತದೆ. ನಟ-ನಿರ್ದೇಶಕರ ವಿಷಯದಲ್ಲಿ ಇನ್ನೊಂದು ಗುರುತು ಇದೆ: ಅವರು ಬೇರೆಯವರ ಸಿನಿಮಾ ಒಪ್ಪಿಕೊಳ್ಳುವುದನ್ನು ನಿಲ್ಲಿಸಿದರೆ ಸ್ವಂತದ್ದು ಹತ್ತಿರವಿದೆ. ಹೊಸ ಒಪ್ಪಂದದ ಫೋಟೋ ಬಂತೆಂದರೆ ಒಂದು ವರ್ಷ ಮುಂದಕ್ಕೆ ಹಾಕಿಕೊಳ್ಳಿ.

ಹೊರದೇಶದವರಿಗೆ ಉತ್ಸವಗಳ ಪಂಚಾಂಗ ನೋಡಿದರೆ ಸಾಕು. ಬರ್ಲಿನ್ ಫೆಬ್ರುವರಿ, ಕಾನ್ ಮೇ, ವೆನಿಸ್ ಆಗಸ್ಟ್ ಕೊನೆ. ಕಾನ್ ಪಟ್ಟಿ ಏಪ್ರಿಲ್‌ನಲ್ಲಿ, ವೆನಿಸ್‌ನದ್ದು ಜುಲೈ ಕೊನೆಯಲ್ಲಿ ಬರುತ್ತದೆ. ಎರಡರಲ್ಲೂ ಹೆಸರಿಲ್ಲದಿದ್ದರೆ ಆ ಜಾತಿಯ ಸಿನಿಮಾ ಬಹುಮಟ್ಟಿಗೆ ಮುಂದಿನ ವರ್ಷಕ್ಕೆ ಹೋಯಿತು. ಕಾನ್ ಅಥವಾ ಬರ್ಲಿನ್ ಮಾರುಕಟ್ಟೆಯಲ್ಲಿ ಯಾವುದೋ ಕಂಪನಿ ಆ ಚಿತ್ರದ ಹಕ್ಕು ಮಾರಾಟಕ್ಕೆ ಇಟ್ಟಿದೆ ಅಂತ, ಶೂಟಿಂಗ್‌ಗೆ ಮೊದಲೇ ಸುದ್ದಿ ಬಂದರೆ ಕುಣಿಯುವುದು ಬೇಡ. ಬಹಳ ಸಲ ಆ ಮಾರಾಟದಿಂದಲೇ ಬಜೆಟ್ಟಿನ ಒಂದು ಪಾಲು ಹುಟ್ಟಬೇಕಾಗಿರುತ್ತದೆ. ಶೇಖರ್ ಕಪೂರ್ ಅವರ 'ಪಾನಿ' ವರ್ಷಗಟ್ಟಲೆ ಸುದ್ದಿಯಲ್ಲಿದ್ದೂ ಆಗಲಿಲ್ಲ. 2007ರ 'ಎಲಿಜಬೆತ್: ದಿ ಗೋಲ್ಡನ್ ಏಜ್' ನಂತರದ ಅವರ ಕಥಾಚಿತ್ರ ಬಂದದ್ದು 2022ರಲ್ಲಿ, ಅದು ಪೂರಾ ಬೇರೆಯೇ ಸಿನಿಮಾ.

ಕೇಳಿಕೊಳ್ಳಬೇಕಾದ ಇನ್ನೊಂದು ಪ್ರಶ್ನೆ: ಚಿತ್ರಕಥೆ ಯಾವ ಕಾಲದ್ದು? 'ಗಾಡ್‌ಫಾದರ್' ನಿರ್ದೇಶಕ ಫ್ರಾನ್ಸಿಸ್ ಫೋರ್ಡ್ ಕೊಪ್ಪೊಲಾ 1980ರ ದಶಕದಲ್ಲಿ ಮೊಳೆತ 'ಮೆಗಾಲೊಪೊಲಿಸ್' ಕನಸನ್ನು 2024ಕ್ಕೆ ತೆರೆಗೆ ತಂದರು. ಅದಕ್ಕೆ ತಮ್ಮ ವೈನ್ ವ್ಯವಹಾರದ ಪಾಲು ಕೊಟ್ಟು ಸುಮಾರು 12 ಕೋಟಿ ಡಾಲರ್ ಸ್ವಂತ ಹಣ ಹಾಕಿದರು, ಗಲ್ಲಾಪೆಟ್ಟಿಗೆಯಲ್ಲಿ ವಾಪಸ್ ಬಂದದ್ದು ಅದರ ಎಂಟನೇ ಒಂದು ಭಾಗದಷ್ಟು. ಹಳೆಯ ಚಿತ್ರಕಥೆ ಉಪ್ಪಿನಕಾಯಿಯಂತೆ ಇಟ್ಟಷ್ಟೂ ರುಚಿಯಾಗುತ್ತದೆ ಅನ್ನುವ ನಂಬಿಕೆ ಅಭಿಮಾನಿಗಳಲ್ಲಿ ಜಾಸ್ತಿ. ಇಟ್ಟಷ್ಟೂ ಅದಕ್ಕೆ ಹೊಸ ಹೊಸ ಆಲೋಚನೆ ಸೇರುತ್ತ ಹೋಗುತ್ತದೆ, ತೆಗೆಯುವವರು ಯಾರೂ ಇರುವುದಿಲ್ಲ. ಫೀಲ್ಡ್ ಅವರ 'ಟಾರ್' ಕೇಟ್ ಬ್ಲಾಂಚೆಟ್ ಅವರನ್ನೇ ಮನಸ್ಸಿನಲ್ಲಿ ಇಟ್ಟುಕೊಂಡು ಬರೆದ ಹೊಸ ಬರಹ, 16 ವರ್ಷದಲ್ಲಿ ಬಿದ್ದುಹೋದ ಹಳೆಯವುಗಳಲ್ಲಿ ಒಂದಲ್ಲ. ಕನಸಿನ ಪ್ರಾಜೆಕ್ಟ್ ಅನ್ನುವ ಮಾತು ಕೇಳಿದರೆ ಒಂದು ಗುಲಗಂಜಿ ಅನುಮಾನ ಇಟ್ಟುಕೊಳ್ಳುವುದು ಕ್ಷೇಮ.

ಹಾಗಾದರೆ ಯಾರನ್ನು ಆರಿಸುವುದು

ಒಂದೆರಡು ವರ್ಷದೊಳಗೆ ಕೈಗೆ ಸಿಗುವಂಥದ್ದು ಬೇಕೆಂದರೆ ಕೈ ನಿಲ್ಲಿಸದೆ ಬೇರೆ ಭಾಷೆಯಲ್ಲಿ, ಸರಣಿಯಲ್ಲಿ, ನೆಟ್‌ಫ್ಲಿಕ್ಸ್‌ನಂಥ ವೇದಿಕೆಗೆ ಕೆಲಸ ಮಾಡುತ್ತಿರುವವರನ್ನು ಹಿಂಬಾಲಿಸಿ: ಪವನ್ ಕುಮಾರ್, ಲೀ ಚಾಂಗ್-ಡಾಂಗ್. ಹತ್ತು ವರ್ಷವಾದರೂ ಪರವಾಗಿಲ್ಲ, ಬಂದದ್ದು ಹೊಸದಾಗಿರಬೇಕು ಅನ್ನುವವರಿಗೆ ಗ್ಲೇಜರ್‌ಗಿಂತ ಒಳ್ಳೆಯ ಆಯ್ಕೆ ಸದ್ಯಕ್ಕೆ ಕಾಣುವುದಿಲ್ಲ. ಒಂದು ಪ್ರಿಯ ಲೋಕಕ್ಕೆ ಮರಳಿ ಹೋಗುವ ಆಸೆಯಿದ್ದರೆ ರಕ್ಷಿತ್ ಶೆಟ್ಟಿ, ಆದರೆ ಕಾಯುವಾಗ 'ಉಳಿದವರು ಕಂಡಂತೆ'ಯನ್ನು ಇನ್ನೊಮ್ಮೆ ನೋಡಿ. ಈ ಸಲ ರಿಚ್ಚಿಯನ್ನು ಬಿಟ್ಟು, ಯಾವ ಅಧ್ಯಾಯದಲ್ಲಿ ಯಾರಿಗೆ ಏನು ಗೊತ್ತಿಲ್ಲ ಅನ್ನುವುದನ್ನು ಗಮನಿಸಿ. ಮುಂದಿನ ಕಥೆಗೆ ಸಾಮಗ್ರಿ ಇರುವುದು ಅಲ್ಲಿ.

ಹಿರಿಯರ ವಿಷಯದಲ್ಲಿ ಹೊಸದಕ್ಕಿಂತ ಹಳೆಯದು ಬೇಗ ಸಿಗುತ್ತದೆ. ಕಾಸರವಳ್ಳಿ ಅವರ 1977ರ 'ಘಟಶ್ರಾದ್ಧ' ಪುನರುಜ್ಜೀವನಗೊಂಡು 2024ರಲ್ಲಿ ವೆನಿಸ್‌ನ ಕ್ಲಾಸಿಕ್ಸ್ ವಿಭಾಗದಲ್ಲಿ ತೆರೆಕಂಡಿತು. ಇಂಥ ಪ್ರತಿಗಳು ಉತ್ಸವಗಳಿಗೆ ಬಂದಾಗ ಹೊಸ ಚಿತ್ರದ ಸರದಿ ಬಿಟ್ಟಾದರೂ ನೋಡಬೇಕು. ಸವೆದ ಪ್ರಿಂಟಿನಿಂದ ಇಳಿಸಿದ ಮಸುಕು ಪ್ರತಿಯಲ್ಲಿ ಅದರ ಕಪ್ಪು-ಬಿಳುಪಿನ ಹದ ಸಿಗುವುದಿಲ್ಲ.

ಕೊನೆಗೆ ಸಿನಿಮಾ ಬಂದೇಬಿಟ್ಟರೆ ಶುಕ್ರವಾರ, ಶನಿವಾರ, ಭಾನುವಾರದೊಳಗೆ ಟಿಕೆಟ್ ತೆಗೆದುಕೊಳ್ಳಿ. ಮಲ್ಟಿಪ್ಲೆಕ್ಸ್‌ನವರು ಮುಂದಿನ ವಾರದ ಶೋಗಳನ್ನು ಹಂಚುವುದು ಆ ಮೂರು ದಿನದ ಸೀಟು ಭರ್ತಿ ನೋಡಿ. ಸೋಮವಾರ ನಾಲ್ಕು ಶೋ ಒಂದಾಗುತ್ತದೆ, ಆ ಒಂದು ಬೆಳಿಗ್ಗೆ ಹತ್ತಕ್ಕೋ ರಾತ್ರಿ ಹನ್ನೊಂದಕ್ಕೋ ಹೋಗುತ್ತದೆ, ಗುರುವಾರಕ್ಕೆ ಸಿನಿಮಾ ಎತ್ತಂಗಡಿ. 'ಉಳಿದವರು ಕಂಡಂತೆ'ಗೆ ಜನ ಸಿಕ್ಕಿದ್ದು ಚಿತ್ರಮಂದಿರದಿಂದ ಹೊರಬಿದ್ದ ಮೇಲೆ. ನಿರ್ಮಾಪಕರು ಮುಂದಿನ ಸಿನಿಮಾಕ್ಕೆ ಚೆಕ್ ಬರೆಯುವಾಗ ಮೊದಲು ತೆಗೆದು ನೋಡುವುದು ಆ ಮೊದಲ ವಾರದ ಕಲೆಕ್ಷನ್.